ಬಾಯಿಬಿಟ್ಟು ಹೇಳದ ಹೆಸರು

ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಆಂಟಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಯಾವಾಗಲೂ ‘ನಮ್ಮನೆಯವರು’ ಎನ್ನುತ್ತಿದ್ದರು, ಹಾಗೆನ್ನುವಾಗ ದನಿ ತಗ್ಗಿಸಿ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು. ಆತ ಬಿಟ್ಟುಹೋಗಿ, ಡಿವೋರ್ಸ್ ಆದ ಮೇಲೂ ಅದು ತಪ್ಪಲಿಲ್ಲ.

ವೀಸಾಕ್ಕೆಂದು ಹಿಂದೆ ಗಂಡನ ಹೆಸರನ್ನೇ ಅವರ ಲಾಸ್ಟ್ ನೇಮ್ ಮಾಡಿದ್ದರಂತೆ. ಈಗ ತಂದೆಯ ಹೆಸರಿಗೆ ಮರಳಲು ಡಿವೋರ್ಸ್ ತೀರ್ಪಿನ ಸೀಲು ಹಾಕಿದ ಕಾಪಿ ಬೇಕಿತ್ತು. ಕೌಂಟಿ ಕೋರ್ಟಿಗೆ ನಾನೇ ಡ್ರೈವ್ ಮಾಡಿಕೊಂಡು ಕರೆದೊಯ್ದೆ.

ಕೌಂಟರಿನ ಹೆಂಗಸು ಲಾಸ್ಟ್ ನೇಮ್ ಕೇಳಿದಳು. ಆಂಟಿ ನನ್ನ ಮುಖ ನೋಡಿದರು. “ನೀನೇ ಹೇಳ್ಬಿಡಮ್ಮ, ನಮ್ಮನೆಯವರ ಹೆಸರಲ್ವಾ.”

ನಾನು ಹೇಳಿದೆ. ಕಾಯುತ್ತಾ ಬೆಂಚಿನ ಮೇಲೆ ಕೂತಾಗ ತಡೆಯಲಾರದೆ ಕೇಳಿದೆ: “ಡಿವೋರ್ಸ್ ಟೈಮಲ್ಲೇ ಹಳೇ ಹೆಸರು ಕೇಳ್ಬಹುದಿತ್ತಲ್ಲ ಆಂಟಿ?”

“ಲಾಯರ್ ಕೇಳಿದ್ರು ಕಣಮ್ಮ. ನಾನೇ ಬೇಡ ಅಂದೆ. ನಮ್ಮನೆಯವರು ವಾಪಸ್ ಬಂದ್ಬಿಟ್ರೆ ಮತ್ತೆ ಬದಲಾಯಿಸ್ಬೇಕಲ್ಲ ಅಂತ.”

ಅಷ್ಟರಲ್ಲಿ ಕೌಂಟರಿನಿಂದ ಆ ಹೆಸರನ್ನು ಜೋರಾಗಿ ಕೂಗಿದರು. ಆಂಟಿ ಥಟ್ಟನೆ ಬಾಗಿಲ ಕಡೆ ತಿರುಗಿದರು.

ಆಮೇಲೆ, ಕೂಗಿದ್ದು ತಮ್ಮನ್ನೇ ಎಂದು ತಿಳಿದು, ಎದ್ದು ಹೋದರು.