ಗೊಟ್ಟ ಎತ್ತಿದ ಕೈ

ಚಿಕುರಾಯ್ ಬೆಟ್ಟದ ಮಗ್ಗುಲಲ್ಲಿ ಟಗರು ಸಾಕುವವರಿಗೆಲ್ಲ ಎಂತಿನ್ ಎಂಬುವಳ ಮನೆತನ ಗೊತ್ತು. ಅಜ್ಜ ಸರ್ಮಡಿ, ತುಂಬಿದ ಹೊಳೆಯನ್ನು ಟಗರುಮರಿ ಹೆಗಲ ಮೇಲೆ ಹೊತ್ತು ದಾಟಿದವನು. ಅಪ್ಪ ಓಮೊನ್, ಕಾದಾಟದ ಕಣದಲ್ಲಿ ಹದಿನೇಳು ಸಲ ಗೆದ್ದ ಟಗರನ್ನು ಸಾಕಿದವನು. ತಾನು ಹಸಿದಿದ್ದರೂ ಅದಕ್ಕೆ ಮೊಟ್ಟೆ ಜೇನು ತಪ್ಪಿಸಿದವನಲ್ಲ. ಗಂಡುಮಕ್ಕಳಿಲ್ಲದ ಆ ಮನೆಯ ಟಗರಿನ ಹಗ್ಗ ಎಂತಿನಳ ಕೈಗೆ ಬಂದು ಇಪ್ಪತ್ತು ವರ್ಷವಾಗಿತ್ತು.

ಈಗ ಅದೇ ಕೈಯಿಂದ ತಪ್ಪಾಗಿತ್ತು.

ಭಾನುವಾರದ ಕಾದಾಟಕ್ಕೆಂದು ಶುಕ್ರವಾರ ಚಳಿಮಳೆಯಲ್ಲೇ ಟಗರಿಗೆ ಸೋಪು ಹಚ್ಚಿ ತೊಳೆದಿದ್ದಳು. ಆಮೇಲೆ ಹಸಿಮೊಟ್ಟೆ, ಜೇನು ಕದಡಿ ಬಿದಿರಿನ ಗೊಟ್ಟದಲ್ಲಿ ಕುಡಿಸಿದಳು. ಅಪ್ಪ ಗುಟುಕು ಗುಟುಕಾಗಿ ಹೊಯ್ಯುತ್ತಿದ್ದ. ಇವಳು ಅವಸರಕ್ಕೆ ಮೂತಿ ಮೇಲೆತ್ತಿ ಒಂದೇ ಸಲ ಸುರಿದಳು. ಟಗರು ಕೆಮ್ಮಿತು, ಮೂಗಿನಿಂದ ಹಳದಿ ಲೋಳೆ ಚಿಮ್ಮಿತು. ಭಾನುವಾರದ ಹೊತ್ತಿಗೆ ಮೈ ಕಾದ ಹೆಂಚು. ಕತ್ತು ಚಾಚಿ, ಮುಂಗಾಲು ಅಗಲಿಸಿ, ಉಸಿರುಸಿರಿಗೂ ನರಳುತ್ತ ನಿಂತುಬಿಟ್ಟಿತು. ಪಶುವೈದ್ಯ ಬಂದು ಸೂಜಿ ಹಾಕಿದ. "ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿದಿದೆ, ಸೋಂಕು ಹಿಡಿದಿದೆ. ಇನ್ನೂ ಎರಡು ದಿನ ಸೂಜಿ ಬೇಕು. ಇದರ ಉಸಿರು ಮಿಕ್ಕವಕ್ಕೆ ತಾಗದ ಹಾಗೆ ನೋಡ್ಕೋ," ಎಂದು ಹೋದ.

ಮಿಕ್ಕ ಒಂಬತ್ತು ಕುರಿಗಳೂ ಅದೇ ಸೂರಿನಡಿ ಇದ್ದವು. ನಾಲ್ಕು ಗಬ್ಬದವು.

ಮಧ್ಯಾಹ್ನ ಪಕ್ಕದ ಮನೆಯ ಉಯತ್ ಕತ್ತಿ ಮಸೆದುಕೊಂಡೇ ಬಂದ.

"ಉಸಿರಿರುವಾಗ್ಲೇ ಬಿಸ್ಮಿಲ್ಲಾ ಅಂದು ಕೊಯ್ದುಬಿಡೋಣ ಕಣವ್ವ. ತಾನಾಗೇ ಸತ್ರೆ ಹೆಣ, ಹೂಳೋದೇ. ಒಂದು ತುಂಡೂ ಬಾಯಿಗಿಲ್ಲ."

"ಸೂಜಿ ಚುಚ್ಚಿದ ಮಾಂಸ ತಿಂತೀಯಾ ಚಿಕ್ಕಪ್ಪ? ನಿಂಗೆ ಟಗರಿನ ಚಿಂತೆಯೋ, ಹೊಟ್ಟೆ ಚಿಂತೆಯೋ?"

"ಬಾಯಿ ಮಾತ್ರ ನಿಮ್ಮಪ್ಪಂದೇ!" ಉಯತ್ ನಕ್ಕ.

ಅಷ್ಟರಲ್ಲಿ ಕೊಟ್ಟಿಗೆಯ ಆ ತುದಿಯಿಂದ ಕೆಮ್ಮು ಕೇಳಿತು. ಗಬ್ಬದ ಕುರಿ. ಮತ್ತೊಮ್ಮೆ. ಎಂತಿನ್ ಅತ್ತ ತಿರುಗಿದಳು. ಉಯತ್‌ನ ನಗೆ ಅಲ್ಲೇ ನಿಂತಿತು. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಮಿಕ್ಕವನ್ನಾದ್ರೂ ಬಿಚ್ಚು ಬೇಗ. ನಮ್ಮ ಕೊಟ್ಟಿಗೆಗೆ ಹೊಡ್ಕೊಂಡು ಹೋಗ್ತೀನಿ."

ಅವನ ಕೊಟ್ಟಿಗೆಯಲ್ಲಿ ಹದಿನಾಲ್ಕು ಮೇಕೆಗಳಿದ್ದವು. ಎಂತಿನ್ ತನ್ನ ಕೊಟ್ಟಿಗೆಯ ಬಾಗಿಲಿಗೆ ಅಡ್ಡಲಾಗಿ ನಿಂತಳು.

"ಬೇಡ ಚಿಕ್ಕಪ್ಪ. ತಪ್ಪು ನಂದು. ಯಾವುದರ ಎದೇಲಿ ಏನು ಕೂತಿದೆಯೋ ನಂಗೇ ಗೊತ್ತಿಲ್ಲ, ಹೆದರಿಕೆ ಆಗ್ತಿದೆ. ಇವುಗಳಲ್ಲಿ ಒಂದೂ ನಿನ್ನ ಅಂಗಳ ತುಳಿಯೋದು ಬೇಡ. ನೀನೂ ಒಳಗೆ ಬರಬೇಡ. ಕಾಲು ತೊಳ್ಕೊಂಡು ಮನೆಗೆ ಹೋಗು."