ಭರಣಿಯ ಮೇಲಿನ ಹುಡುಗಿ

ಎಂಬತ್ತರ ದಶಕದ ಕೊನೆ. ನನ್ನ ಗಂಡ ಮಸ್ಕತ್ತಿನ ರೂವಿಯ ಕಂಪೆನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಅವರ ಬ್ರಿಟಿಷ್ ಬಾಸ್ ನಿವೃತ್ತರಾಗಿ ಊರಿಗೆ ಹೊರಟಾಗ, ಹಡಗಿನಲ್ಲಿ ಒಡೆಯುತ್ತದೆ ಎಂದು ಬಾಸಿನ ಹೆಂಡತಿ ನನಗೊಂದು ಮುಚ್ಚಳದ ಮಣ್ಣಿನ ಜಾಡಿ ಕೊಟ್ಟರು. ಬಿಳಿ ಮೆರುಗಿನ ಮೇಲೆ ಕೈಯಲ್ಲೇ ಬರೆದ ನೀಲಿ ಹೂಬಳ್ಳಿ, ನಡುವೆ ಬುಟ್ಟಿ ಹಿಡಿದು ಕುಣಿಯುವ ಹುಡುಗಿ. ಉಡುಪಿಯವಳಾದ ನಾನು ಕಂಡದ್ದೇ ತಡ, ಇದು ಉಪ್ಪಿನಕಾಯಿ ಭರಣಿ ಎಂದು ತೀರ್ಮಾನಿಸಿಬಿಟ್ಟೆ. ಅಮ್ಮ ಕಳಿಸಿದ ಮಾವಿನ ಮಿಡಿಯನ್ನು ಅಷ್ಟೂ ಸುರಿದು, ಬಾಯಿಗೆ ಬಟ್ಟೆ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿಟ್ಟೆ.

ಅವರ ಪ್ರಯಾಣ ಎರಡು ತಿಂಗಳು ಮುಂದಕ್ಕೆ ಹೋಯಿತು. ಒಂದು ಗುರುವಾರ ಬಾಸಿನ ಹೆಂಡತಿಯ ಫೋನ್ ಬಂತು. ನಾಳೆ ಚಹಾಕ್ಕೆ ಬರುತ್ತಾರಂತೆ, ಜಾಡಿಯನ್ನೊಮ್ಮೆ ನೋಡಬೇಕಂತೆ. ಅದರ ಮೇಲಿನ ಚಿತ್ರ ಬರೆದದ್ದು ಅವರ ತಾಯಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಸಣ್ಣ ಕುಂಬಾರಿಕೆ ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಿದ್ದ ಹೆಂಗಸರಲ್ಲಿ ಆಕೆಯೂ ಒಬ್ಬಳು. ಜಾಡಿಯ ತಳದಲ್ಲಿ ಆಕೆ ಸಹಿಯಂತೆ ಬರೆದ ಗುರುತನ್ನು ಹಾಳೆಗೆ ಇಳಿಸಿಕೊಳ್ಳುವುದು ಮರೆತುಹೋಯಿತು ಎಂದರು.

ಫೋನ್ ಇಟ್ಟವಳೇ ಓಡಿಹೋಗಿ ಭರಣಿ ಖಾಲಿ ಮಾಡಿ ನೋಡಿದರೆ, ಮೆರುಗಿನ ಕೂದಲೆಳೆಯ ಬಿರುಕುಗಳಲ್ಲಿ ಖಾರದ ರಸ ಜಿನುಗಿ, ಹುಡುಗಿಯ ಬಿಳಿಚಿದ ಕೆನ್ನೆ ಕೆಂಪಾಗಿತ್ತು. ಹುಣಸೆಹಣ್ಣು, ಸೀಗೆಪುಡಿ, ಕಡಲೆಹಿಟ್ಟು ಎಲ್ಲ ಹಾಕಿ ತಿಕ್ಕಿದೆ. ತಿಕ್ಕಿದಷ್ಟೂ ಅವಳು ನಾಚುತ್ತ ಹೋದಳು. ಸಾಸಿವೆಯ ಘಾಟಂತೂ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಎಂತ ಮಾರಾಯ್ತಿ, ಮದುಮಗಳಿಗೆ ಅರಸಿನ ಹಚ್ಚಿದ ಹಾಗೆ ತಿಕ್ತಾ ಇದ್ದೀಯಲ್ಲ," ಎಂದರು ಗಂಡ.

"ನಿಮ್ಮ ಬಾಸಿನ ಅತ್ತೆ ಬರೆದದ್ದಂತೆ ಇವಳನ್ನು. ನಗ್ಬೇಡಿ ಮಾರಾಯ್ರೆ."

ಹೇಳಿದವಳೇ ನಾನೂ ನಕ್ಕೆ. ಸಿಂಕಿನ ಮುಂದೆ ನಿಂತು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ಒಳಗೊಳಗೇ ನನಗೆ ಅಳು. ನಿಮ್ಮ ತಾಯಿಯ ಕೈಕೆಲಸ ಹಾಳು ಮಾಡಿದೆ ಎಂದು ಆಕೆಗೆ ಯಾವ ಬಾಯಲ್ಲಿ ಹೇಳಲಿ? ಭರಣಿಯನ್ನು ಒರೆಸಿ ಬಾಲ್ಕನಿಯ ಬಿಸಿಲಿಗಿಟ್ಟೆ.

ಶುಕ್ರವಾರ ಸಂಜೆ ಬಂದರು. ಭರಣಿಯನ್ನು ಎದುರಿಗಿಟ್ಟು, ತಪ್ಪಾಯಿತು ಎಂದು ಎಲ್ಲ ಹೇಳಿಬಿಟ್ಟೆ. ಅವರು ಮುಚ್ಚಳ ತೆಗೆದು ಮೂಸಿದರು, ಸೀನಿದರು, ಕೆಂಪು ಕೆನ್ನೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಇಷ್ಟು ಬಿಳಿಚಿಕೊಂಡಿರುವ ಈ ಹುಡುಗಿಗೆ ಯಾರೂ ಊಟ ಹಾಕುವುದಿಲ್ಲವೇ ಎಂದು ಚಿಕ್ಕಂದಿನಲ್ಲಿ ತಾಯಿಯನ್ನು ಕೇಳುತ್ತಿದ್ದರಂತೆ.

ಗುರುತನ್ನು ಬರೆದುಕೊಂಡ ಮೇಲೆ, ಒಳಗಿದ್ದದ್ದು ಎಲ್ಲಿ ಎಂದರು. ಸ್ಟೀಲ್ ಡಬ್ಬಿ ತಂದೆ. ಅದನ್ನು ಮತ್ತೆ ಭರಣಿಗೆ ತುಂಬುವವಳು ತಾನೇ ಎಂದು ಹಟ ಹಿಡಿದು, ನಲ್ಲಿಯಲ್ಲಿ ಕೈ ತೊಳೆದು, ಹನಿಯುವ ಕೈಯನ್ನು ಸೀದಾ ಡಬ್ಬಿಗೆ ಹಾಕಹೊರಟರು. ಒದ್ದೆ ಕೈ ಬಿದ್ದರೆ ವರ್ಷದ ಉಪ್ಪಿನಕಾಯಿಯೇ ಕೆಟ್ಟಿತು. ಯಾರು, ಏನು ಎಂಬುದು ನೆನಪಾಗುವ ಮೊದಲೇ ನಾನು ಗದರಿ ಅವರ ಕೈ ಹಿಡಿದು ಎಳೆದುಬಿಟ್ಟಿದ್ದೆ. ಗಂಡ ಬೆವೆತುಹೋದರು.

ಅವರು ನನ್ನ ಸೆರಗಿಗೆ ಕೈ ಒರೆಸಿಕೊಂಡು, "ಬಣ್ಣದ ಹತ್ತಿರ ಹೋದರೆ ಅಮ್ಮ ಹೀಗೇ ಎಳೆಯುತ್ತಿದ್ದಳು," ಎಂದರು. ಕೈ ಒಣಗಿದ ಮೇಲೂ ಸೆರಗು ಬಿಡಲಿಲ್ಲ.