ಒಂಬತ್ತು ಪಾತ್ರೆಗಳ ತೂಕ

ಅರಸರ ಆಳ್ವಿಕೆ ಮುಗಿದು ಎರಡು ಮೂರು ವರ್ಷವಾಗಿತ್ತು. ಆಗ ನಾನು ಬಿ.ಎ. ತರಗತಿಯಲ್ಲಿ ಚರಿತ್ರೆ ಓದುತ್ತಿದ್ದೆ. ನಜರ್‌ಬಾದಿನಲ್ಲಿ ನಮ್ಮದೊಂದು ಪುಟ್ಟ ಮನೆ. ಅಪ್ಪನಿಗೆ ಅರಮನೆಯ ಪೂಜಾಪಾತ್ರೆಗಳ ಪಾರುಪತ್ಯ. ಬೆಳ್ಳಿಯ ಹಂಡೆ, ಕೊಡ, ಆರತಿತಟ್ಟೆಗಳಿದ್ದ ಕೋಣೆಯ ಬೀಗದ ಕೈ ನಾನು ಹುಟ್ಟುವ ಮೊದಲಿನಿಂದಲೂ ಅವರ ಸೊಂಟದಲ್ಲಿತ್ತು. ನನಗಿದ್ದದ್ದು ಒಂದೇ ಕೆಟ್ಟ ಚಾಳಿ, ಕಂಡದ್ದನ್ನೆಲ್ಲ ಕೇಳುವುದು. ಅಮ್ಮನಿಂದ ಬೈಸಿಕೊಂಡರೂ ಅದು ಬಿಡಲಿಲ್ಲ.

ಒಂದು ಶನಿವಾರ ಅಪ್ಪ ಮುಖ ಗಂಟಿಕ್ಕಿಕೊಂಡು ಮಧ್ಯಾಹ್ನವೇ ಬಂದರು. ಯಾವುದು ಅರಮನೆಯದು, ಯಾವುದು ಸರ್ಕಾರದ್ದು ಎಂದು ಪಟ್ಟಿ ಮಾಡಲು ಬಂದ ಅಧಿಕಾರಿ ಪ್ರತಿ ಪಾತ್ರೆಯ ತೂಕ ಕೇಳಿದ್ದರಂತೆ. ಅಪ್ಪ ಗೊತ್ತಿಲ್ಲ ಎಂದಿದ್ದರು. ಸೋಮವಾರ ತೂಗಿಸಿ, ಆಗದಿದ್ದರೆ ಬೀಗದ ಕೈ ಬೇರೆಯವರಿಗೆ ಒಪ್ಪಿಸಿ ಎಂದು ಆ ಅಧಿಕಾರಿ ಮರ್ಯಾದೆಯಾಗಿಯೇ ಹೇಳಿದ್ದರು.

"ತೂಗಿದ್ರೆ ಏನಾಗತ್ತಪ್ಪ?" ಎಂದೆ.

"ಮಾರೋ ಸಾಮಾನನ್ನ ತೂಗ್ತಾರೆ ಕಣಮ್ಮ. ದೇವರ ಮುಂದೆ ಇಡೋದನ್ನ ಯಾರಾದ್ರೂ ತಕ್ಕಡಿಗೆ ಹಾಕ್ತಾರಾ?"

ಆ ವಾರವಷ್ಟೇ ತರಗತಿಯಲ್ಲಿ ಪುರಾತನ ಚೀನಾದ ಅರಸರ ಪಾಠವಾಗಿತ್ತು. ತಡೆಯಲಾಗದೆ ಅಪ್ಪನಿಗೆ ಹೇಳತೊಡಗಿದೆ. ಚೌ ವಂಶದ ಅರಸರ ಬಳಿ ಒಂಬತ್ತು ಕಂಚಿನ ಪಾತ್ರೆಗಳಿದ್ದವು. ಅವು ಯಾರಲ್ಲಿರುತ್ತವೋ ಅವರೇ ಆಕಾಶ ಒಪ್ಪಿದ ದೊರೆ ಎಂದು ಜನ ನಂಬಿದ್ದರು. ಬರಬರುತ್ತಾ ಸುತ್ತಲಿನ ರಾಜ್ಯಗಳು ಬಲಿತು, ಅರಸನಿಗೆ ಉಳಿದದ್ದು ಪೂಜೆ, ಪದವಿ ಮತ್ತು ಆ ಪಾತ್ರೆಗಳು. ಒಮ್ಮೆ ದಕ್ಷಿಣದ ದೊರೆಯೊಬ್ಬ ಸೈನ್ಯದೊಂದಿಗೆ ರಾಜಧಾನಿಯ ಹತ್ತಿರ ಬಂದು, ಮಾತನಾಡಿಸಲು ಹೋದ ಅರಸನ ದೂತನನ್ನು ಆ ಪಾತ್ರೆಗಳ ತೂಕವೆಷ್ಟು ಎಂದು ಕೇಳಿದ. ಹೊತ್ತೊಯ್ಯುವ ಆಸೆ ಇದ್ದವನಿಗೆ ತಾನೇ ತೂಕ ಬೇಕು! ಭಾರವಿರುವುದು ಅರಸನ ಗುಣದಲ್ಲಿ, ಕಂಚಿನಲ್ಲಲ್ಲ, ಪಾತ್ರೆಗಳ ತೂಕ ಕೇಳುವ ಕಾಲ ಇನ್ನೂ ಬಂದಿಲ್ಲ ಎಂದು ದೂತ ಉತ್ತರ ಕೊಟ್ಟ. ದೊರೆ ಹಿಂದಿರುಗಿದ.

ಅಪ್ಪ ನೆಟ್ಟಗೆ ಕುಳಿತರು. "ಆ ಪಾತ್ರೆಗಳನ್ನ ನೋಡ್ಕೋತಿದ್ದೋನು ಯಾರು?"

"ಪುಸ್ತಕದಲ್ಲಿಲ್ಲ."

"ಆಮೇಲೆ ಏನಾದ್ವು?"

"ಆ ವಂಶ ಅಳಿದ ಮೇಲೆ ಕಾಣೆಯಾದ್ವು. ನದೀಲಿ ಮುಳುಗಿದ್ವು ಅಂತಾನೂ ಹೇಳ್ತಾರೆ."

"ಪಾಪ, ಆ ನೋಡ್ಕೋತಿದ್ದೋನು ಎಷ್ಟು ಹುಡುಕಿದ್ನೋ ಏನೋ," ಎಂದರು. ನನ್ನ ಮೇಷ್ಟರಿಗೂ ಹೊಳೆಯದ ಮನುಷ್ಯ ಅವನು.

ಸೋಮವಾರ ನೀವೂ ಆ ದೂತನ ಹಾಗೆಯೇ ಹೇಳಿಬಿಡಿ ಎಂದು ಹುರಿದುಂಬಿಸಿದೆ.

"ಅವನ ಬೆನ್ನಿಗೆ ಅರಸ ಇದ್ದ ಕಣಮ್ಮ. ನಾನು ಬೀಗದ ಕೈ ಕೊಟ್ಬುಟ್ರೆ ತೂಗೋದು ತಪ್ಪತ್ತಾ? ಇನ್ಯಾರೋ ಬಂದು ಎತ್ತಿ ಕುಕ್ತಾರೆ, ಅಷ್ಟೇ."

ಸೋಮವಾರ ಸಂಜೆ ಅಪ್ಪ ಬಂದಾಗ ಬೀಗದ ಕೈ ಸೊಂಟದಲ್ಲೇ ಇತ್ತು. ಅಮ್ಮ ದೇವರಿಗೆ ಕೈಮುಗಿದಳು. ಒಂದೊಂದು ಪಾತ್ರೆಯನ್ನೂ ಅಪ್ಪ ತಾವೇ ಎತ್ತಿ ತಕ್ಕಡಿಗೆ ಇಟ್ಟರಂತೆ, ತಾವೇ ಇಳಿಸಿದರಂತೆ, ಬೇರೆ ಯಾರಿಗೂ ಮುಟ್ಟಗೊಡಲಿಲ್ಲವಂತೆ. ಇಷ್ಟು ಹೇಳಿ ಗೋಡೆಗೊರಗಿ ಕುಳಿತರು. ಕಾಫಿ ಲೋಟ ಕೊಡುತ್ತಿದ್ದಂತೆ ನನ್ನ ನಾಲಿಗೆ ಜಾರಿತು.

"ದೊಡ್ಡ ಹಂಡೆ ಎಷ್ಟು ತೂಕ ಬಂತಪ್ಪ?"

ಅಪ್ಪ ಲೋಟ ಕೆಳಗಿಟ್ಟರು. "ನೀನೂ ಕೇಳ್ಬುಟ್ಟೆಯಲ್ಲಮ್ಮ," ಎಂದರು.

ನಾಚಿಕೆಯಿಂದ ಸತ್ತೇ ಹೋದೆ. ಆದರೂ, ಸುಳ್ಳೇಕೆ ಹೇಳಲಿ, ಉತ್ತರಕ್ಕೆ ಕಾಯುತ್ತಾ ಅಲ್ಲೇ ನಿಂತಿದ್ದೆ.